ಅದೇ ವೋಟು, ಬೇರೆ ಸಂಸತ್ತು

ಓದಲು ಕೂರುವ ಮೊದಲು ಅಡುಗೆಮನೆಗೆ ಹೋಗಿ ಮೂರು ಬಗೆಯ ಕಾಳು ತನ್ನಿ. ಅವರೆಕಾಳು 20, ಹುಣಸೆ ಬೀಜ 16, ಕಡಲೆ 9. ಒಟ್ಟು 45 ಆಯಿತು. ಐದು ಬಟ್ಟಲೂ ಬೇಕು. ಅಮ್ಮ ಏನಕ್ಕೆ ಎಂದು ಕೇಳಿದರೆ ಚುನಾವಣೆ ಮಾಡುತ್ತಿದ್ದೇವೆ ಎನ್ನಿ.

ಒಂದೊಂದು ಕಾಳೂ ಒಬ್ಬ ಮತದಾರ, ಒಂದೊಂದು ಬಟ್ಟಲೂ ಒಂದು ಕ್ಷೇತ್ರ. ಅವರೆ, ಹುಣಸೆ, ಕಡಲೆ ಮೂರು ಪಕ್ಷಗಳು. ನಿಯಮ ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಗಳದೇ: ಬಟ್ಟಲಿನಲ್ಲಿ ಯಾವ ಕಾಳು ಎಲ್ಲಕ್ಕಿಂತ ಹೆಚ್ಚಿದೆಯೋ ಆ ಪಕ್ಷಕ್ಕೆ ಆ ಸೀಟು. ಅರ್ಧ ದಾಟಲೇಬೇಕೆಂದಿಲ್ಲ. ಪಕ್ಕದವನಿಗಿಂತ ಒಂದೇ ಒಂದು ಹೆಚ್ಚಿದ್ದರೂ ಗೆದ್ದ ಹಾಗೆ.

ಈಗ ಮೊದಲ ನಾಲ್ಕು ಬಟ್ಟಲಿಗೂ ಒಂದೇ ಅಳತೆ: ಹುಣಸೆ 4, ಅವರೆ 3, ಕಡಲೆ 2. ಕೈಯಲ್ಲಿ ಇನ್ನು ಅವರೆ 8, ಕಡಲೆ 1 ಉಳಿದಿರುತ್ತವೆ. ಅವನ್ನು ಐದನೆಯ ಬಟ್ಟಲಿಗೆ ಸುರಿಯಿರಿ. ಯಾರು ಗೆದ್ದರು? ನಾಲ್ಕು ಕಡೆ ಹುಣಸೆ, ಒಂದು ಕಡೆ ಅವರೆ. ಎಲ್ಲರಿಗಿಂತ ಹೆಚ್ಚು ಮತ ಬಿದ್ದದ್ದು ಅವರೆಗೆ, ಸರ್ಕಾರ ಮಾತ್ರ ಹುಣಸೆಯದು. ಕಡಲೆಗೆ ಸೊನ್ನೆ.

ಬಟ್ಟಲು ಖಾಲಿ ಮಾಡಿ ಇನ್ನೊಂದು ಸಲ ಹಂಚೋಣ. ಒಂಬತ್ತು ಕಡಲೆಯನ್ನೂ ಒಂದೇ ಬಟ್ಟಲಿಗೆ ಹಾಕಿ. ಉಳಿದ ನಾಲ್ಕಕ್ಕೆ ತಲಾ ಅವರೆ 5, ಹುಣಸೆ 4. ಈ ಸಲ ಅವರೆಗೆ 4 ಸೀಟು, ಕಡಲೆಗೆ 1. ಆಗ ರಾಜ್ಯವಾಳಿದ ಹುಣಸೆಗೆ ಈಗ ಒಂದೂ ಇಲ್ಲ! ಒಬ್ಬ ಮತದಾರನೂ ಮನಸ್ಸು ಬದಲಿಸಿಲ್ಲ. ಯಾರು ಯಾವ ಬಟ್ಟಲಿನಲ್ಲಿದ್ದಾರೆ ಎನ್ನುವುದು ಬದಲಾಯಿತು, ಅಷ್ಟೆ.

ಇದು ಕಾಳಿನಾಟ, ನಿಜವಾದ ಚುನಾವಣೆಯಲ್ಲಿ ಹೀಗೆಲ್ಲ ಆಗುತ್ತದೆಯೇ ಎಂದು ಕೇಳುತ್ತೀರಿ. ಆಗುತ್ತದೆ, ನಮ್ಮ ಕರ್ನಾಟಕದಲ್ಲೇ ಆಗಿದೆ. 2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ. 38 ಮತ ಬಂತು, ಬಿಜೆಪಿಗೆ ಸುಮಾರು ಶೇ. 36. ಆದರೆ ಫಲಿತಾಂಶ ಬಂದ ದಿನ ಬಿಜೆಪಿಯ ಲೆಕ್ಕದಲ್ಲಿ 104 ಸೀಟು, ಕಾಂಗ್ರೆಸ್‌ನ ಲೆಕ್ಕದಲ್ಲಿ 78. ಇದಕ್ಕಿಂತ ಸ್ವಾರಸ್ಯದ್ದು ಐದು ವರ್ಷ ಕಳೆದ ಮೇಲೆ ನಡೆಯಿತು. 2023ರಲ್ಲಿ ಬಿಜೆಪಿಗೆ ಮತ್ತೆ ಬಂದದ್ದು ಸುಮಾರು ಶೇ. 36 ಮತವೇ. ಸೀಟು ಮಾತ್ರ 66ಕ್ಕೆ ಇಳಿದಿತ್ತು. ಒಂದು ಪಕ್ಷದ ಮತ ಹೆಚ್ಚುಕಡಿಮೆ ಇದ್ದಲ್ಲೇ ಇದ್ದರೂ ಎದುರಾಳಿಗಳ ಮತ ಒಬ್ಬರಿಂದ ಇನ್ನೊಬ್ಬರ ಕಡೆ ಸರಿದರೆ ಹೀಗಾಗುತ್ತದೆ. ಆ ವರ್ಷ ಜೆಡಿಎಸ್ ಕಳೆದುಕೊಂಡಿತು, ಕಾಂಗ್ರೆಸ್ ಗಳಿಸಿತು, ಮಧ್ಯೆ ಬಿಜೆಪಿಯ ಸೀಟುಗಳು ಉದುರಿದವು.

ಎರಡೂ ಸಲದ ಕಡಲೆಗೂ ನಮ್ಮಲ್ಲಿ ಉದಾಹರಣೆಯಿದೆ. 2014ರ ಲೋಕಸಭೆ ಚುನಾವಣೆಯಲ್ಲಿ ಬಹುಜನ ಸಮಾಜ ಪಕ್ಷಕ್ಕೆ (ಬಿಎಸ್‌ಪಿ) ದೇಶದಲ್ಲಿ ಶೇ. 4ಕ್ಕೂ ಹೆಚ್ಚು ಮತ ಬಿತ್ತು, ಎರಡು ಕೋಟಿ ದಾಟಿದ ಮತ. ಒಂದು ಸೀಟೂ ಬರಲಿಲ್ಲ. ಅದಕ್ಕಿಂತ ಕಡಿಮೆ, ಅಂದರೆ ಶೇ. 3ಕ್ಕಿಂತ ತುಸು ಹೆಚ್ಚು ಮತ ಪಡೆದ ಅಣ್ಣಾ ಡಿಎಂಕೆಗೆ 37 ಸೀಟು. ಅಣ್ಣಾ ಡಿಎಂಕೆಯ ಬಹುತೇಕ ಮತ ತಮಿಳುನಾಡಿನಲ್ಲೇ ಒಟ್ಟಾಗಿ ಬಿದ್ದಿತ್ತು. ಬಿಎಸ್‌ಪಿಯ ಮತ ತೆಳ್ಳಗೆ ಹರಡಿಕೊಂಡು, ಯಾವ ಕ್ಷೇತ್ರದಲ್ಲೂ ಮೊದಲನೆಯದಾಗದೆ ಕರಗಿಹೋಯಿತು.

ಮೋರಿಸ್ ದ್ಯುವೆರ್ಜೆ ಎಂಬ ಫ್ರೆಂಚ್ ವಿದ್ವಾಂಸರು 1950ರ ದಶಕದಲ್ಲಿ ಈ ವಿಷಯವನ್ನು ಕೂಲಂಕಷವಾಗಿ ನೋಡಿದರು. ಹೆಚ್ಚು ಮತ ಬಂದವರೇ ಗೆಲ್ಲುವ ಕಡೆ ಕೊನೆಗೆ ಎರಡು ದೊಡ್ಡ ಪಕ್ಷಗಳಷ್ಟೇ ನಿಲ್ಲುತ್ತವೆ ಎಂದರು. ಅದಕ್ಕೆ ಅವರು ಕೊಟ್ಟ ಕಾರಣ ಎರಡು. ಒಂದು, ಬಟ್ಟಲಿನ ಲೆಕ್ಕ. ಅದನ್ನು ನೀವೇ ನೋಡಿದಿರಿ. ಇನ್ನೊಂದು ಮನಸ್ಸಿನ ಲೆಕ್ಕ. "ಹೇಗೂ ಗೆಲ್ಲುವುದಿಲ್ಲ, ಅವನಿಗೆ ಹಾಕಿ ವೋಟು ಯಾಕೆ ದಂಡ ಮಾಡಲಿ?" ಎಂದು ನಮ್ಮ ಕಟ್ಟೆಗಳಲ್ಲಿ ಜನ ಆಡಿಕೊಳ್ಳುತ್ತಾರಲ್ಲ, ಅದು. ಸಣ್ಣ ಪಕ್ಷವನ್ನು ಇಷ್ಟಪಟ್ಟವರೂ ಮತಗಟ್ಟೆಗೆ ಹೋದಾಗ ದೊಡ್ಡ ಪಕ್ಷಕ್ಕೇ ಒತ್ತಿ ಬರುತ್ತಾರೆ. ಇದಕ್ಕೆ ದ್ಯುವೆರ್ಜೆ ನಿಯಮ ಎಂದೇ ಹೆಸರು ಬಿದ್ದಿದೆ. ನ್ಯೂಟನ್ನನ ನಿಯಮದಷ್ಟು ಗಟ್ಟಿಯಲ್ಲ ಅನ್ನಿ. ಒಂದೊಂದು ರಾಜ್ಯದಲ್ಲೂ ಒಂದೊಂದು ಜೋಡಿ ಪಕ್ಷ ಇಟ್ಟುಕೊಂಡು, ಎಲ್ಲ ಸೇರಿದಾಗ ಹತ್ತಾರು ಪಕ್ಷಗಳಾಗುವ ಭಾರತ ಅದನ್ನು ಆಗಾಗ ಕಾಡಿಸುತ್ತದೆ.

ನಿಯಮ ಬದಲಾದರೆ ಸಂಸತ್ತು ಬದಲಾಗುತ್ತದೆಯೇ ಎಂದು ಪರೀಕ್ಷಿಸಿ ನೋಡುವುದು ಹೇಗೆ? ವಿಜ್ಞಾನಿಯಾದರೆ ಎರಡು ಪ್ರಯೋಗನಳಿಕೆ ಇಟ್ಟುಕೊಂಡು ಒಂದರಲ್ಲಿ ಮಾತ್ರ ಬದಲಾವಣೆ ಮಾಡುತ್ತಾರೆ. ಇಡೀ ದೇಶವನ್ನು ನಳಿಕೆಯಲ್ಲಿ ಹಾಕಲಾಗದು. ಆದರೆ ಒಂದು ದೇಶ ತನ್ನ ಮೇಲೆ ತಾನೇ ಈ ಪ್ರಯೋಗ ಮಾಡಿಕೊಂಡಿತು. ಅದೇ ಜನ, ಅವೇ ಊರುಗಳು, ಬಹುಪಾಲು ಅವೇ ಪಕ್ಷಗಳು. ಎಣಿಸುವ ಕ್ರಮ ಮಾತ್ರ ಹೊಸದು. ಆ ದೇಶ ನ್ಯೂಜಿಲೆಂಡ್.

ಕ್ರಿಕೆಟ್ಟಿನಿಂದ ನಿಮಗೆಲ್ಲ ಗೊತ್ತಿರುವ ಈ ದೇಶದಲ್ಲಿ ಮೊದಲು ನಮ್ಮದೇ ಪದ್ಧತಿ ಇತ್ತು. ನಮಗೂ ಅವರಿಗೂ ಅದು ಬಂದದ್ದು ಬ್ರಿಟಿಷರಿಂದ. ಅಲ್ಲಿನ ಎರಡು ದೊಡ್ಡ ಪಕ್ಷಗಳು ನ್ಯಾಷನಲ್ ಮತ್ತು ಲೇಬರ್. 1978ರಲ್ಲಿ ಲೇಬರ್‌ಗೆ ಶೇ. 40.4 ಮತ, ನ್ಯಾಷನಲ್‌ಗೆ ಶೇ. 39.8. ಸಂಸತ್ತಿನ 92 ಸೀಟುಗಳಲ್ಲಿ ನ್ಯಾಷನಲ್‌ಗೆ 51, ಲೇಬರ್‌ಗೆ 40. ಹೆಚ್ಚು ಮತ ಪಡೆದವರು ವಿರೋಧಪಕ್ಷದ ಸಾಲಿನಲ್ಲಿ ಕೂತರು. ಹೋಗಲಿ, ಒಮ್ಮೆ ಹೀಗಾಯಿತು ಎಂದುಕೊಂಡರೆ 1981ರಲ್ಲಿ ಮತ್ತೆ ಅದೇ ಆಯಿತು. ಆ ವರ್ಷ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷದ ಗತಿಯನ್ನಂತೂ ಕೇಳಲೇಬೇಡಿ. ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಅದಕ್ಕೆ ಮತ ಹಾಕಿದ್ದರು. ಬಂದದ್ದು ಎರಡೇ ಸೀಟು. 1984ರಲ್ಲಿ ನ್ಯೂಜಿಲೆಂಡ್ ಪಾರ್ಟಿ ಎಂಬ ಹೊಸ ಪಕ್ಷ ಶೇ. 12 ಮತ ಪಡೆದು ಬರಿಗೈಯಲ್ಲಿ ಮನೆಗೆ ಹೋಯಿತು.

ಜನ ಗೊಣಗತೊಡಗಿದರು. ಸರ್ಕಾರ ನೇಮಿಸಿದ ಆಯೋಗವೊಂದು 1986ರಲ್ಲಿ ವರದಿ ಕೊಟ್ಟು, ಜರ್ಮನಿಯಲ್ಲಿರುವಂಥ ಪದ್ಧತಿ ತರುವುದು ಒಳ್ಳೆಯದು ಎಂದಿತು. ವರದಿ ಬಂದರೆ ಸಾಕೇ? ಹಳೆಯ ನಿಯಮದಿಂದ ಗೆದ್ದವರೇ ತಾನೇ ಅದನ್ನು ಬದಲಿಸಬೇಕು! ಎರಡೂ ದೊಡ್ಡ ಪಕ್ಷಗಳಿಗೆ ಅದರಲ್ಲಿ ಅಂಥ ಉತ್ಸಾಹ ಇರಲಿಲ್ಲ. 1987ರ ಚುನಾವಣೆಗೆ ಮುಂಚೆ ಟಿವಿ ಚರ್ಚೆಯೊಂದರಲ್ಲಿ ಲೇಬರ್ ಪಕ್ಷದ ಪ್ರಧಾನಿ ಡೇವಿಡ್ ಲಾಂಗಿ ಈ ಬಗ್ಗೆ ಜನಮತಗಣನೆ ಮಾಡಿಸುತ್ತೇವೆ ಎಂದುಬಿಟ್ಟರು. ಟಿಪ್ಪಣಿಯನ್ನು ತಪ್ಪಾಗಿ ಓದಿ ಹಾಗೆಂದರು ಎಂದು ಆಮೇಲೆ ಎಲ್ಲರೂ ಹೇಳಿಕೊಂಡರು. ಆಡಿದ ಮಾತನ್ನು ಲೇಬರ್ ನಡೆಸಲಿಲ್ಲ. ನಾವು ನಡೆಸುತ್ತೇವೆ ಎಂದು 1990ರಲ್ಲಿ ಗೆದ್ದು ಬಂದ ನ್ಯಾಷನಲ್ ಪಕ್ಷ 1992ರಲ್ಲಿ ಜನರನ್ನು ಕೇಳಿತು. ಶೇ. 84ಕ್ಕೂ ಹೆಚ್ಚು ಮಂದಿ ಬದಲಾವಣೆ ಬೇಕು ಎಂದರು. 1993ರಲ್ಲಿ ಹಳೆಯದೋ ಹೊಸದೋ ಎಂಬ ಕೊನೆಯ ಪ್ರಶ್ನೆ. ಅಷ್ಟು ಹೊತ್ತಿಗೆ ಹೊಸ ಪದ್ಧತಿಯ ವಿರುದ್ಧ ಜೋರಾದ ಪ್ರಚಾರ ನಡೆದಿತ್ತು. ಆದರೂ ಹೊಸದಕ್ಕೆ ಶೇ. 54ರಷ್ಟು ಮತ ಬಿತ್ತು.

ಹೊಸ ಪದ್ಧತಿಯಲ್ಲಿ ಮತಪತ್ರ ಹೇಗಿರುತ್ತದೆ ನೋಡಿ. ಒಂದೇ ಹಾಳೆ, ಎರಡು ಭಾಗ. ಎಡಗಡೆ ಪಕ್ಷಗಳ ಹೆಸರು, ಬಲಗಡೆ ನಿಮ್ಮ ಕ್ಷೇತ್ರದ ಅಭ್ಯರ್ಥಿಗಳ ಹೆಸರು. ಪೆನ್ನಿನಿಂದ ಎಡಕ್ಕೊಂದು, ಬಲಕ್ಕೊಂದು ಗುರುತು ಹಾಕಬೇಕು. ಬಲಗಡೆಯ ಗುರುತಿನಿಂದ ನಿಮ್ಮ ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ ಸಿಗುತ್ತಾರೆ. ಇಲ್ಲಿ ಹಳೆಯ ನಿಯಮವೇ. ಎಡಗಡೆಯ ಗುರುತು ಯಾವ ಪಕ್ಷಕ್ಕೆ ಒಟ್ಟು ಎಷ್ಟು ಸೀಟು ಎಂದು ನಿರ್ಧರಿಸುತ್ತದೆ. ಕ್ಷೇತ್ರಗಳಲ್ಲಿ ಗೆದ್ದ ಸೀಟು ಪಕ್ಷದ ಪಾಲಿಗಿಂತ ಕಡಿಮೆ ಬಿದ್ದರೆ, ಪಕ್ಷ ಮೊದಲೇ ಕೊಟ್ಟಿದ್ದ ಪಟ್ಟಿಯಿಂದ ಮೇಲಿನ ಹೆಸರುಗಳನ್ನು ಕ್ರಮವಾಗಿ ತೆಗೆದುಕೊಂಡು ತುಂಬಿಸುತ್ತಾರೆ. ಇಬ್ಬರೂ ಸಂಸದರೇ, ಸಂಬಳವೂ ಒಂದೇ.

ಎಡಗಡೆಯ ಮತಗಳನ್ನು ಸೀಟುಗಳಾಗಿ ಹೇಗೆ ಹಂಚುವುದು? ಇಲ್ಲಿ ನಿಜವಾದ ಗಣಿತವಿದೆ. ಮತ 20 ಇದ್ದರೆ ಎಷ್ಟು ಸೀಟು, 16 ಇದ್ದರೆ ಎಷ್ಟು ಎಂದು ಭಾಗಿಸಿದರೆ ಸುಮಾರು ಎರಡೂಕಾಲು, ಒಂದೂಮುಕ್ಕಾಲು ಎಂದೆಲ್ಲ ಉತ್ತರ ಬರುತ್ತದೆ. ಮುಕ್ಕಾಲು ಸಂಸದರನ್ನು ಕಳಿಸಲಾಗದಲ್ಲ! 1910ರಲ್ಲಿ ಆಂದ್ರೇ ಸಾಂತ್-ಲಾಗ್ಯು ಎಂಬ ಫ್ರೆಂಚ್ ಗಣಿತಜ್ಞರು ಇದಕ್ಕೊಂದು ಅಚ್ಚುಕಟ್ಟಾದ ದಾರಿ ತೋರಿಸಿದರು. (ಅಮೆರಿಕದ ಡೇನಿಯಲ್ ವೆಬ್‌ಸ್ಟರ್ ಅದಕ್ಕೂ ಮುಂಚೆ, 1832ರಲ್ಲೇ, ರಾಜ್ಯಗಳಿಗೆ ಸೀಟು ಹಂಚಲು ಇಂಥದೇ ಉಪಾಯ ಹೇಳಿದ್ದರು.) ಪ್ರತಿ ಪಕ್ಷದ ಮತವನ್ನು 1, 3, 5, 7 ಹೀಗೆ ಬೆಸಸಂಖ್ಯೆಗಳಿಂದ ಭಾಗಿಸುತ್ತಾ ಹೋಗಿ. ಬಂದ ಉತ್ತರಗಳಲ್ಲಿ ಎಲ್ಲಕ್ಕಿಂತ ದೊಡ್ಡವನ್ನು, ಎಷ್ಟು ಸೀಟಿವೆಯೋ ಅಷ್ಟು, ಆರಿಸಿಕೊಳ್ಳಿ.

ಪುಸ್ತಕದ ಹಿಂದಿನ ಪುಟದಲ್ಲಿ ಮಾಡಿಬಿಡೋಣ, ಕಷ್ಟವೇನಿಲ್ಲ. ಅವರೆ 20, ಹುಣಸೆ 16, ಕಡಲೆ 9, ಸೀಟು ಐದು. ಒಂದರಿಂದ ಭಾಗಿಸಿದರೆ 20, 16, 9. ಮೂರರಿಂದ ಭಾಗಿಸಿದರೆ 6.67, 5.33, 3. ಐದರಿಂದ ಭಾಗಿಸಿದರೆ 4, 3.2, 1.8. ಇವುಗಳಲ್ಲಿ ದೊಡ್ಡ ಐದು ಯಾವುವು? 20, 16, 9, 6.67, 5.33. ಅಂದರೆ ಅವರೆಗೆ 2, ಹುಣಸೆಗೆ 2, ಕಡಲೆಗೆ 1. ಯಾವ ಕಾಳು ಯಾವ ಬಟ್ಟಲಿನಲ್ಲಿದೆ ಎಂದು ಈ ಲೆಕ್ಕ ಕೇಳುವುದೇ ಇಲ್ಲ ಎನ್ನುವುದನ್ನು ಗಮನಿಸಿ. ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯ ಎಂಬ ದೊಡ್ಡ ಹೆಸರಿನಿಂದ ಹೆದರಿಸುವ ಸಂಗತಿ ಇದೇ.

ಸರಿ, ನ್ಯೂಜಿಲೆಂಡಿನಲ್ಲಿ ಏನಾಯಿತು? 1993ರಲ್ಲಿ, ಹಳೆಯ ನಿಯಮದ ಕೊನೆಯ ಚುನಾವಣೆಯಲ್ಲಿ, ಅಲಯನ್ಸ್ ಎಂಬ ಪಕ್ಷಕ್ಕೆ ಶೇ. 18 ಮತ, ಸೀಟು ಎರಡು. 1996ರಲ್ಲಿ, ಹೊಸ ನಿಯಮದ ಮೊದಲ ಚುನಾವಣೆಯಲ್ಲಿ, ಅದರ ಮತ ಶೇ. 10ಕ್ಕೆ ಇಳಿಯಿತು, ಸೀಟು ಹದಿಮೂರಕ್ಕೆ ಏರಿತು! ಅದರಲ್ಲಿ ಕ್ಷೇತ್ರದಿಂದ ಬಂದದ್ದು ಒಂದೇ, ಉಳಿದ ಹನ್ನೆರಡೂ ಪಟ್ಟಿಯಿಂದ. ಸಂಸತ್ತಿನ ಸೀಟು 99ರಿಂದ 120ಕ್ಕೆ ಹೆಚ್ಚಿತ್ತು, ಒಳಗೆ ಬಂದ ಪಕ್ಷಗಳು ಆರು. ನ್ಯಾಷನಲ್‌ಗೆ 44, ಲೇಬರ್‌ಗೆ 37, ನ್ಯೂಜಿಲೆಂಡ್ ಫಸ್ಟ್ ಎಂಬ ಪಕ್ಷಕ್ಕೆ 17. ಯಾರಿಗೂ ಬಹುಮತ ಇಲ್ಲ. ಅಕ್ಟೋಬರಿನಲ್ಲಿ ಮತ ಹಾಕಿದ ಜನ ಸರ್ಕಾರ ಕಾಣಲು ಡಿಸೆಂಬರಿನವರೆಗೆ ಕಾದರು. ಅಲ್ಲಿಯವರೆಗೆ ಆ 17 ಮಂದಿಯ ನಾಯಕ ವಿನ್‌ಸ್ಟನ್ ಪೀಟರ್ಸ್ ಎರಡೂ ದೊಡ್ಡ ಪಕ್ಷಗಳ ಜೊತೆ ಮಾತುಕತೆ ನಡೆಸುತ್ತಲೇ ಇದ್ದರು. ಕೊನೆಗೆ ನ್ಯಾಷನಲ್ ಜೊತೆ ಸೇರಿದರು. ಎರಡು ವರ್ಷ ತುಂಬುವ ಮೊದಲೇ ಆ ಮೈತ್ರಿ ಮುರಿಯಿತು.

ಸಮ್ಮಿಶ್ರ ಸರ್ಕಾರದ ಈ ನಾಟಕ ನಮಗೇನೂ ಹೊಸದಲ್ಲ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು ಅಂಕಿ. 1993ರ ಸಂಸತ್ತಿನಲ್ಲಿ ಮಹಿಳೆಯರು 21. 1996ರಲ್ಲಿ 35. ಮೊದಲ ಏಷ್ಯನ್ ಮೂಲದ ಸಂಸದೆ ಪ್ಯಾನ್ಸಿ ವಾಂಗ್ ಬಂದದ್ದೂ ಆ ವರ್ಷವೇ, ಪಟ್ಟಿಯಿಂದಲೇ. ಒಂದು ಕ್ಷೇತ್ರಕ್ಕೆ ಒಬ್ಬರನ್ನೇ ನಿಲ್ಲಿಸುವಾಗ ಪಕ್ಷ ಹಳೆಯ ಕುದುರೆಯನ್ನೇ ಹುಡುಕುತ್ತದೆ. ಐವತ್ತು ಹೆಸರಿನ ಪಟ್ಟಿಯನ್ನು ಊರ ಮುಂದೆ ಇಡುವಾಗ ಎಲ್ಲವೂ ಒಂದೇ ಬಗೆಯ ಹೆಸರಾದರೆ ನಾಚಿಕೆಯಾಗುತ್ತದೆ.

ಹಾಗಾದರೆ ಹೊಸ ಪದ್ಧತಿಯಲ್ಲಿ ಒಂದು ಮತವೂ ದಂಡವಾಗುವುದಿಲ್ಲವೇ? ಆಗುತ್ತದೆ. ಅಲ್ಲೊಂದು ಹೊಸ್ತಿಲಿದೆ. ಪಕ್ಷಕ್ಕೆ ಕನಿಷ್ಠ ಶೇ. 5 ಮತ ಬೀಳಬೇಕು, ಇಲ್ಲವೇ ಒಂದಾದರೂ ಕ್ಷೇತ್ರ ಗೆಲ್ಲಬೇಕು. ಎರಡೂ ಇಲ್ಲದಿದ್ದರೆ ಪಟ್ಟಿಯ ಪಾಲು ಸಿಗದು. ಸಂಸತ್ತು ಚೂರುಚೂರಾಗಬಾರದೆಂದು ಜರ್ಮನಿಯಿಂದಲೇ ತಂದ ಬೇಲಿ ಇದು. 1986ರ ಆಯೋಗ ಶೇ. 4 ಸಾಕು ಎಂದಿತ್ತು, ಸಂಸತ್ತು 5 ಮಾಡಿತು. ಇದರ ಫಲ 2008ರಲ್ಲಿ ಕಂಡಿತು. ಆ ವರ್ಷ ನ್ಯೂಜಿಲೆಂಡ್ ಫಸ್ಟ್‌ಗೆ ಶೇ. 4.07 ಮತ, ಆಕ್ಟ್ ಪಕ್ಷಕ್ಕೆ ಶೇ. 3.65. ಹೆಚ್ಚು ಮತದ ನ್ಯೂಜಿಲೆಂಡ್ ಫಸ್ಟ್‌ಗೆ ಸೊನ್ನೆ. ಕಡಿಮೆ ಮತದ ಆಕ್ಟ್‌ಗೆ ಐದು ಸೀಟು, ಏಕೆಂದರೆ ಅದರ ನಾಯಕರು ಆಕ್ಲೆಂಡಿನ ಎಪ್ಸಮ್ ಕ್ಷೇತ್ರದಲ್ಲಿ ಗೆದ್ದಿದ್ದರು. ಆ ಒಂದು ಬಾಗಿಲಿನಿಂದ ಇನ್ನೂ ನಾಲ್ವರು ಒಳಗೆ ಬಂದರು. ಬೇಲಿಯಲ್ಲಿ ಕಿಂಡಿ ಬಿಟ್ಟು ಬೇಲಿ ಹಾಕಿದ್ದೇವೆ ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ತಮಾಷೆಯ ಇನ್ನೊಂದು ಸಂಗತಿಯಿದೆ. ಕ್ಷೇತ್ರಗಳಲ್ಲಿ ಗೆದ್ದ ಸೀಟೇ ಪಕ್ಷದ ಪಾಲಿಗಿಂತ ಹೆಚ್ಚಾದರೆ? ಗೆದ್ದವರನ್ನು ಮನೆಗೆ ಕಳಿಸಲಾಗದು. ಅದಕ್ಕೆ ಕುರ್ಚಿಯನ್ನೇ ಹೆಚ್ಚು ಮಾಡುತ್ತಾರೆ. 2023ರಲ್ಲಿ ಟೆ ಪಾಟಿ ಮಾವೋರಿ ಪಕ್ಷದ ಪಾಲಿಗೆ ಲೆಕ್ಕದ ಪ್ರಕಾರ ಬಂದದ್ದು ನಾಲ್ಕು ಸೀಟು. ಆದರೆ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಮತದಾರರಿಗೆಂದೇ ಇರುವ ಏಳು ಕ್ಷೇತ್ರಗಳಲ್ಲಿ ಆರನ್ನು ಅದು ಗೆದ್ದಿತ್ತು. ಸಂಸತ್ತಿಗೆ ಎರಡು ಕುರ್ಚಿ ಹೆಚ್ಚುವರಿ ಬಂದವು.

ಜನರಿಗೆ ಈ ಹೊಸ ಪದ್ಧತಿ ಸಾಕಾಗಿದೆಯೇ ಎಂದು 2011ರಲ್ಲಿ ಮತ್ತೆ ಕೇಳಿದರು. ಶೇ. 57ಕ್ಕೂ ಹೆಚ್ಚು ಮಂದಿ ಇದೇ ಇರಲಿ ಎಂದರು. ಹೊಸ ಪದ್ಧತಿಯಲ್ಲಿ ಒಂದೇ ಪಕ್ಷಕ್ಕೆ ಬಹುಮತ ಬರಲಾರದು ಎಂಬ ಮಾತೂ ಇತ್ತು. 2020ರಲ್ಲಿ ಜಸಿಂಡಾ ಆರ್ಡರ್ನ್ ಅವರ ಲೇಬರ್ ಪಕ್ಷ ಅರ್ಧದಷ್ಟು ಮತ, 65 ಸೀಟು ಪಡೆದು ಅದನ್ನೂ ಸುಳ್ಳು ಮಾಡಿತು.

ನಮ್ಮ ದೇಶಕ್ಕೆ ಇಂಥ ಪದ್ಧತಿ ಯಾಕೆ ಬೇಡವೆನಿಸಿತು? ಸಂವಿಧಾನ ಸಭೆಯಲ್ಲಿ ಈ ಚರ್ಚೆ ನಡೆದಿತ್ತು. ಪ್ರಮಾಣಾನುಗುಣ ಪದ್ಧತಿ ಬೇಕೆಂದು ಕೇಳಿದವರಿದ್ದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಓದು ಬರಹ ಬಲ್ಲವರೇ ಕಡಿಮೆ ಇರುವ ದೇಶದಲ್ಲಿ ಅಂಥ ಮತಪತ್ರ ನಡೆಯುವುದು ಕಷ್ಟ, ಶಾಸನಸಭೆ ಸಣ್ಣ ಸಣ್ಣ ಗುಂಪುಗಳಾಗಿ ಒಡೆದರೆ ಸರ್ಕಾರ ನಿಲ್ಲುವುದೂ ಕಷ್ಟ ಎಂಬುದು ಅವರ ವಾದ. ಆಗಿನ ಭಾರತವನ್ನು ನೆನೆದರೆ ಆ ಮಾತನ್ನು ತಳ್ಳಿಹಾಕಲಾಗದು. ನಾಡಿನ ಜನ ಎತ್ತು, ಗುಡಿಸಲು, ಹಸ್ತ ಎಂದು ಚಿತ್ರ ನೋಡಿ ಮತ ಹಾಕಲು ಕಲಿತದ್ದು ಆಮೇಲೆ.

ಹಾಗೆಂದು ಪ್ರಮಾಣಾನುಗುಣ ಪದ್ಧತಿ ಭಾರತದಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನ ವಿಧಾನಸೌಧದಲ್ಲೇ ಅದು ನಡೆಯುತ್ತದೆ. ರಾಜ್ಯಸಭೆಗೆ ಕರ್ನಾಟಕದಿಂದ 12 ಮಂದಿ ಹೋಗುತ್ತಾರೆ. ಅವರನ್ನು ಆರಿಸುವವರು ನಮ್ಮ ಶಾಸಕರು. ಆ ದಿನ ಗುಂಡಿ ಒತ್ತುವ ಯಂತ್ರ ಇರುವುದಿಲ್ಲ. ಚುನಾವಣಾ ಆಯೋಗ ಕೊಟ್ಟ ನೇರಳೆ ಬಣ್ಣದ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ಇಷ್ಟದ ಕ್ರಮ ಬರೆಯಬೇಕು. ಮೊದಲ ಆಯ್ಕೆಯವರಿಗೆ ಬೇಕಾದ್ದಕ್ಕಿಂತ ಹೆಚ್ಚು ಮತ ಬಿದ್ದರೆ, ಇಲ್ಲವೇ ಅವರು ಸ್ಪರ್ಧೆಯಿಂದಲೇ ಹೊರಬಿದ್ದರೆ, ಮತ ಎರಡನೆಯ ಆಯ್ಕೆಯವರಿಗೆ ಸಾಗುತ್ತದೆ.

ಗೆಲ್ಲಲು ಎಷ್ಟು ಬೇಕು? ನಾಲ್ಕು ಸೀಟು ಖಾಲಿಯಿದ್ದು 224 ಶಾಸಕರೂ ಮತ ಹಾಕಿದರೆ ಒಬ್ಬೊಬ್ಬರಿಗೆ 45 ಬೇಕು. 56 ಯಾಕಲ್ಲ, 224ನ್ನು 4ರಿಂದ ಭಾಗಿಸಬೇಕಲ್ಲವೇ ಎಂದು ಗಣಿತ ಬಲ್ಲವರು ಕೇಳಬಹುದು. 45ನ್ನು 5ರಿಂದ ಗುಣಿಸಿ ನೋಡಿ: 225. ಇರುವ ಶಾಸಕರು 224. ಐದನೆಯವರಿಗೆ 45 ಸಿಗುವುದು ಸಾಧ್ಯವೇ ಇಲ್ಲ, ಆದ್ದರಿಂದ 45 ಮುಟ್ಟಿದವರು ಮೊದಲ ನಾಲ್ವರಲ್ಲಿ ಇದ್ದೇ ಇರುತ್ತಾರೆ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದ 135 ಸೀಟನ್ನು 45ರಿಂದ ಭಾಗಿಸಿ. 2024ರ ಫೆಬ್ರವರಿಯಲ್ಲಿ ನಡೆದ ರಾಜ್ಯಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಮೂವರು ಗೆದ್ದರು, ಬಿಜೆಪಿಯಿಂದ ಒಬ್ಬರು.